ಕಾರಿನದೇ ಧ್ವನಿ ಸಹಾಯಕವೋ, ಫೋನಿನದೋ? ಮಂಗಳೂರು ದಾರಿಯಲ್ಲಿ ಕಂಡ ಹೋಲಿಕೆ

ಈಚಿನ ಹಲವು ಕಾರುಗಳಲ್ಲಿ ಮಾತಿನಿಂದಲೇ ಕೆಲಸ ಮಾಡಿಸಿಕೊಳ್ಳಲು ಎರಡು ವ್ಯವಸ್ಥೆಗಳಿರುತ್ತವೆ. ಒಂದು, ತಯಾರಕರೇ ಕಾರಿನೊಳಗೆ ಅಳವಡಿಸಿ ಕೊಡುವ ಧ್ವನಿ ಸಹಾಯಕ. ಇನ್ನೊಂದು, ಆಂಡ್ರಾಯ್ಡ್ ಆಟೋ ಅಥವಾ ಆಪಲ್ ಕಾರ್‌ಪ್ಲೇ ಮೂಲಕ ಕಾರಿನ ಪರದೆಗೆ ಬರುವ ಫೋನಿನ ಸಹಾಯಕ. ಇವೆರಡೂ ಇಲ್ಲದ ಹಳೆಯ ಕಾರಿನವರು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬ್ಲೂಟೂತ್‌ನಿಂದ ಸ್ಟೀರಿಯೋಗೆ ಜೋಡಿಸಿ ಸುಧಾರಿಸುತ್ತಾರೆ. ನಮ್ಮ ಮನೆಯ ಹೊಸ ಕಾರಿನಲ್ಲಿ ಮೊದಲಿನ ಎರಡನ್ನೂ, ಅಪ್ಪನ ಹಳೆಯ ಕಾರಿನಲ್ಲಿ ಮೂರನೆಯದನ್ನೂ ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ಬಳಸುತ್ತ ಬಂದಿದ್ದೇನೆ. ಹೋಲಿಕೆಗೆ ನಾನಿಟ್ಟುಕೊಂಡ ಅಳತೆಗೋಲು ಒಂದೇ: ಕೆಲಸ ಮುಗಿಯುವಷ್ಟರಲ್ಲಿ ನನ್ನ ಕಣ್ಣು ಎಷ್ಟು ಹೊತ್ತು ರಸ್ತೆಯ ಮೇಲಿರಲಿಲ್ಲ? ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ 2 ಸೆಕೆಂಡ್, ಇಡೀ ಕೆಲಸಕ್ಕೆ 12 ಸೆಕೆಂಡ್ ಎಂಬ ಮಿತಿಯನ್ನು ಹಾಕಿದೆ.

ಮೂರನೆಯ ವ್ಯವಸ್ಥೆಯ ಮಾತನ್ನು ಮೊದಲೇ ಮುಗಿಸಿಬಿಡಬಹುದು. ಬ್ಲೂಟೂತ್‌ನ ಹಳೆಯ ಕರೆ ವ್ಯವಸ್ಥೆ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆದು ಹಿಡಿಯುತ್ತದೆ, ಹಾಗಾಗಿ ತೀರಾ ತೀಕ್ಷ್ಣವಾದ ಸದ್ದು ಅದರಲ್ಲಿ ಉಳಿಯುವುದಿಲ್ಲ. ಮನುಷ್ಯರ ಕಿವಿಗೆ ಅದು ಸಾಕಾದರೂ 'ಸ', 'ಶ', 'ಫ' ಇಂಥ ಧ್ವನಿಗಳ ಗುರುತು ಬಹುಮಟ್ಟಿಗೆ ಅಲ್ಲೇ ಕಳೆದುಹೋಗುತ್ತದೆ. ಅದರ ಮೇಲೆ ಕಿಟಕಿ ಇಳಿಸಿ ಓಡಿಸುವ ಅಪ್ಪನ ಅಭ್ಯಾಸವೂ ಸೇರಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವಂತಾಗುತ್ತದೆ. ಕೊನೆಗೆ ಕೈ ಫೋನಿನ ಕಡೆಗೇ ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ.

ಕಾರಿನದೇ ಸಹಾಯಕದ ಬಲ ಕಾರಿನೊಳಗಿನ ಕೆಲಸಗಳಲ್ಲಿದೆ. ಎಸಿ 22ಕ್ಕೆ ಇಳಿಸುವುದು, ಸನ್‌ರೂಫ್ ಮುಚ್ಚುವುದು, ಎಫ್‌ಎಂ ಬದಲಾಯಿಸುವುದು ಇವೆಲ್ಲ ನಮ್ಮ ಕಾರಿನಲ್ಲಿ ಒಂದೇ ಮಾತಿಗೆ ಆಗುತ್ತವೆ. ಫೋನಿನ ಸಹಾಯಕಕ್ಕೆ ಈ ಕಾರಿನ ಎಸಿಯ ಮೇಲೆ ಹಿಡಿತವೇ ಇಲ್ಲ. ಇಂಥ ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳುವ ಕೆಲಸ ಕಾರಿನಲ್ಲೇ ನಡೆಯುವುದರಿಂದ ನೆಟ್‌ವರ್ಕ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದು, ಸಿಗ್ನಲ್ ಬಂದೂ ಬಾರದಂತೆ ಆಡುವ ಜಾಗದಲ್ಲಿ ಮಳೆಗೆ ಗಾಜೆಲ್ಲ ಮಂಜಾದಾಗ, ಸ್ಟಿಯರಿಂಗಿನ ಮೇಲಿನ ಗುಂಡಿ ಒತ್ತಿ ಹೇಳಿದರೆ ಡಿಫಾಗರ್ ಹೊತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ, ಅದೂ ಅದು ಕಲಿತ ವಾಕ್ಯಗಳಲ್ಲೇ ಹೇಳಬೇಕು. ಹೊಸ ಮೇಷ್ಟ್ರ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ, ಒಂದು ಪದ ಆಚೀಚೆಯಾದರೂ ಮೊದಲಿನಿಂದ ಶುರು ಮಾಡಬೇಕು. ಊರಿನ ಹೆಸರು ಹೇಳಿದರಂತೂ ಪರದೆಯ ಮೇಲೆ ಐದಾರು ಸಾಲುಗಳ ಪಟ್ಟಿ ತೆರೆದು 'ಯಾವುದು' ಎಂದು ಕೇಳುತ್ತದೆ. ಕಣ್ಣು ರಸ್ತೆಯಿಂದ ಕೀಳದಿರಲೆಂದು ಮಾಡಿದ ಸಾಧನ ಪಟ್ಟಿ ಓದಿಸುವುದು ನನಗೆ ಒಪ್ಪುವ ಮಾತಲ್ಲ.

ಊರುಗಳ ವಿಚಾರದಲ್ಲಿ ಫೋನಿನದು ಬಹಳ ಮುಂದಿದೆ. ಉಪ್ಪಿನಂಗಡಿ, ಗುಂಡ್ಯ, ಬಿ.ಸಿ. ರೋಡ್ ಇವನ್ನು ನಾವು ಆಡುವ ಹಾಗೆಯೇ ಹೇಳಿದರೂ ಹಿಡಿಯುತ್ತದೆ, 'ದಾರಿಯಲ್ಲಿ ಪೆಟ್ರೋಲ್ ಬಂಕ್' ಎಂದರೆ ಹೋಗುವ ದಿಕ್ಕಿನದನ್ನೇ ಹುಡುಕುತ್ತದೆ. ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ: ಘಾಟಿಯ ಬಳಿಯ ಮಾರನಹಳ್ಳಿಗೆ ಹೊರಟರೆ ಬೆಂಗಳೂರಿನ ಜೆ.ಪಿ. ನಗರದ ಮಗ್ಗುಲಿನ ಮಾರೇನಹಳ್ಳಿಗೆ ದಾರಿ ತೋರಿಸಿದ್ದುಂಟು. 'ಸಕಲೇಶಪುರದ ಹತ್ತಿರದ' ಎಂದು ಸೇರಿಸಿದರೆ ಸರಿಹೋಗುತ್ತದೆ. ಇದರ ದೊಡ್ಡ ಮಿತಿ ನೆಟ್‌ವರ್ಕ್. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲವಾದ್ದರಿಂದ ಹಾಸನದಲ್ಲೇ ಹಾಕಿಕೊಂಡ ದಾರಿ ಘಾಟಿಯುದ್ದಕ್ಕೂ ಮುಂದುವರಿಯುತ್ತದೆ, ಆದರೆ ನಡುವೆ ಹೊಸದಾಗಿ ಏನನ್ನಾದರೂ ಕೇಳಿದರೆ ಉತ್ತರವಿಲ್ಲ. ಆದ್ದರಿಂದ ಕೇಳುವುದನ್ನೆಲ್ಲ ಸಕಲೇಶಪುರದಲ್ಲಿ ಕಾಫಿಗೆ ನಿಂತಾಗಲೇ ಕೇಳಿ ಮುಗಿಸುವುದು ರೂಢಿಯಾಗಿದೆ.

ಫೋನ್ ಕರೆಗಳಲ್ಲಿ ಎರಡೂ ಎಡವುವುದು ಒಂದೇ ಕಡೆ. ಹೆಸರುಗಳನ್ನು ನಾನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವ ಸಹಾಯಕಕ್ಕೆ 'ಚಿಕ್ಕಪ್ಪ ಹಾಸನ' ಸಿಗುತ್ತಲೇ ಇರಲಿಲ್ಲ. ಪದೇ ಪದೇ ಕರೆ ಮಾಡುವವರ ಹೆಸರನ್ನಷ್ಟೇ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿದ ಮೇಲೆ ಫೋನಿನದು ಸುಧಾರಿಸಿತು. ಕಾರಿನದು ಈಗಲೂ 'ಮಂಜು' ಎಂದರೆ ಮಂಜುನಾಥ, ಮಂಜುಳಾ ಇಬ್ಬರನ್ನೂ ಮುಂದಿಟ್ಟು ಕಾಯುತ್ತದೆ. ಕನ್ನಡದಲ್ಲಿ ಸಂದೇಶ ಹೇಳಿ ಬರೆಯಿಸುವುದು ಮಾತ್ರ ಸಂಪೂರ್ಣವಾಗಿ ಫೋನಿನ ಕ್ಷೇತ್ರ. ಅಮ್ಮನಿಗೆ 'ಊಟಕ್ಕೆ ಕಾಯಬೇಡ' ಎಂದು ಕಳಿಸುವುದು ನಿಂತ ಕಾರಿನಲ್ಲಿ ಸಲೀಸು.

ಓಡುವ ಕಾರಿನಲ್ಲಿ ಅದನ್ನೂ ನಾನು ಮಾಡುವುದಿಲ್ಲ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎಯ ರಸ್ತೆ ಸುರಕ್ಷತಾ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧ್ವನಿ ಆಜ್ಞೆ ಮುಗಿದ ಮೇಲೂ ಚಾಲಕರ ಗಮನ ಪೂರ್ತಿ ಮರಳಲು 27 ಸೆಕೆಂಡುಗಳವರೆಗೆ ಹಿಡಿಯಬಹುದು. ಘಾಟಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೂ ಅಷ್ಟು ಹೊತ್ತಿಗೆ 300 ಮೀಟರ್ ಸಾಗಿರುತ್ತೇವೆ, ಎದುರಿಗೆ ಟ್ಯಾಂಕರುಗಳ ಸಾಲು ಬೇರೆ. ಕೈ ಸ್ಟಿಯರಿಂಗಿನ ಮೇಲಿದ್ದು ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ವಾಕ್ಯ ಕಟ್ಟುತ್ತಿರುತ್ತದೆಯಾದ್ದರಿಂದ, ಎರಡರಲ್ಲಿ ಯಾವುದನ್ನೇ ಬಳಸಿದರೂ ಈ ನಷ್ಟ ತಪ್ಪದು.

ನಮ್ಮ ಕಾರಿನಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಕಾರಿನ ಸಹಾಯಕ, ಒತ್ತಿ ಹಿಡಿದರೆ ಫೋನಿನದು ಎಚ್ಚರಗೊಳ್ಳುತ್ತದೆ. ಹಾಗಾಗಿ ಎಸಿ, ಗಾಜುಗಳಿಗೆ ಅದು, ದಾರಿ ಮತ್ತು ಕರೆಗಳಿಗೆ ಇದು ಎಂದು ಹಂಚಿಕೊಂಡಿದ್ದೇನೆ. ಒಂದನ್ನೇ ಆರಿಸಬೇಕೆಂದರೆ ಫೋನಿನದನ್ನೇ ಆರಿಸುವೆ. ಎಸಿಗೆ ಕೈಯಳತೆಯಲ್ಲಿ ತಿರುಗಿಸುವ ಗುಂಡಿಯೊಂದಿದ್ದರೆ ಮಾತಿನ ಅಗತ್ಯವೇ ಇಲ್ಲ. ಹೊಸ ಕಾರು ನೋಡಲು ಹೋಗುವವರು ಷೋರೂಮಿನ ನಿಶ್ಶಬ್ದದಲ್ಲಿ ತೋರಿಸುವ ಪ್ರದರ್ಶನಕ್ಕೆ ಮರುಳಾಗದೆ, ಟೆಸ್ಟ್ ಡ್ರೈವ್‌ನಲ್ಲಿ ಎಸಿ ಫ್ಯಾನನ್ನು ಪೂರ್ತಿ ಏರಿಸಿ, ತಮ್ಮ ಊರಿನ ಹೆಸರನ್ನು ತಾವು ದಿನವೂ ಆಡುವ ಹಾಗೆಯೇ ಹೇಳಿ ನೋಡಲಿ.