ದೀಪದ ಸ್ವಿಚ್ಚು: ಸಂತೆಯದ್ದೋ, ಪಿಯಾನೋನೋ, ಮಾಡ್ಯುಲರೋ?

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲ ಕಾಣುವ ಮನೆಗೆ ನನ್ನ ಓಟು ಐಎಸ್‌ಐ ಗುರುತಿನ ಹಳೇ ಪಿಯಾನೋ ಸ್ವಿಚ್ಚಿಗೆ, ಅಂದರೆ ಬೋರ್ಡಿಗೆ ಒಂದೊಂದಾಗಿ ಸ್ಕ್ರೂ ಹಾಕಿ ಕೂರಿಸುವಂಥದ್ದಕ್ಕೆ. ಅಂದಚಂದ ಏನೂ ಇಲ್ಲ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಗುರುತಿಲ್ಲದ ಸ್ವಿಚ್ಚು ಇದಕ್ಕಿಂತ ಅಗ್ಗ. ಪ್ಲೇಟಿನೊಳಗೆ ಸಿಕ್ಕಿಸುವ ಮಾಡ್ಯುಲರ್ ಆದರೆ ಪ್ಲೇಟು, ಬಾಕ್ಸು ಸೇರಿ ಕೈ ಕಚ್ಚುತ್ತದೆ. ಮೂರನ್ನೂ ಬಿಚ್ಚಿ ಸಾಲಾಗಿ ಇಟ್ಟರೆ ವ್ಯತ್ಯಾಸ ಗೊತ್ತಾಗುವುದು ತಂತಿ ಬಿಗಿಯುವ ಸ್ಕ್ರೂನಲ್ಲಿ.

ಸಂತೆಯದ್ದರ ಟರ್ಮಿನಲ್ಲಿಗೆ, ಅಂದರೆ ತಂತಿ ಸಿಕ್ಕಿಸುವ ಲೋಹದ ಜಾಗಕ್ಕೆ, ಆಯಸ್ಕಾಂತ ಹಿಡಿಯಿರಿ. ಸ್ಕ್ರೂ ಅಷ್ಟೇ ಅಲ್ಲ, ಒಳಗಿನ ಪಟ್ಟಿಯೂ ಎಷ್ಟೋ ಸಲ ಅಂಟಿಕೊಳ್ಳುತ್ತದೆ: ಹಿತ್ತಾಳೆ ಬಣ್ಣ ಬಳಿದ ಕಬ್ಬಿಣ. ಪಟ್ಟಿ ತೆಳು, ಥ್ರೆಡ್ಡು ಎರಡೇ ಸುತ್ತು. ಬಿಗಿ ಮಾಡಿದರೆ ಥ್ರೆಡ್ಡು ಹೋಗಿ ಸ್ಕ್ರೂ ಸುಮ್ಮನೆ ತಿರುಗುತ್ತದೆ, ಮಾಡದಿದ್ದರೆ ಎಳೆದ ಕೂಡಲೇ ತಂತಿ ಕೈಗೆ ಬರುತ್ತದೆ. ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದರೆ ಮುಗಿಯಿತು, ಸ್ವಿಚ್ಚು ಒತ್ತಿದಾಗ ಚರ್ ಅನ್ನುತ್ತದೆ.

‘ಬರೀ ಎಲ್‌ಇಡಿ ತಾನೇ, ಏನಾಗುತ್ತೆ?’ ಅನ್ನುವವರೇ ಹೆಚ್ಚು. ನಾಲ್ಕು 10 ವ್ಯಾಟ್ ಬಲ್ಬು ಸೇರಿದರೂ ಕರೆಂಟು 0.2 ಆಂಪಿಯರ್ ದಾಟದು, ನಿಜ. ಆದರೆ ಬೋರ್ಡಿನ ಹಿಂದೆ ನೋಡಿ: ಕರೆಂಟು ತರುವ ಫೇಸ್ ತಂತಿ ಮೊದಲ ಸ್ವಿಚ್ಚಿನ ಟರ್ಮಿನಲ್ಲಿಗೆ ಬಂದು, ಅಲ್ಲಿಂದ ಲೂಪ್ ಆಗಿ ಉಳಿದವಕ್ಕೆ ಹೋಗುತ್ತದೆ. ಕೊನೆಯ ಸಾಕೆಟ್ಟಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದರೆ ಅದರ 4.3 ಆಂಪಿಯರೂ ದೀಪದ ಸ್ವಿಚ್ಚಿನ ಆ ಸ್ಕ್ರೂ ದಾಟಿಯೇ ಹೋಗಬೇಕು, ದೀಪ ಆರಿದ್ದರೂ. ಸಡಿಲಾದ ಜಾಗದಲ್ಲಿ 1 ಓಮ್ ರೋಧ ಇದ್ದರೆ ಅಲ್ಲಿ ಹುಟ್ಟುವ ಶಾಖ ಸುಮಾರು 19 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟ್! ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಎಂಸಿಬಿ ಇದೆಯಲ್ಲ ಅನ್ನಬೇಡಿ. ಸಡಿಲ ಜೋಡಣೆಯಲ್ಲಿ ಕರೆಂಟು ಏರುವುದಿಲ್ಲ, ಹಾಗಾಗಿ ಎಂಸಿಬಿ ಬೀಳುವುದೂ ಇಲ್ಲ. ಆರ್‌ಸಿಸಿಬಿಗೂ ಇದು ಕಾಣದು, ಅದು ಹಿಡಿಯುವುದು ಕರೆಂಟಿನ ಲೀಕೇಜನ್ನು ಮಾತ್ರ. ಮೊದಲ ಸುಳಿವು ಮೀನು ಕೊಳೆತಂಥ ವಾಸನೆ, ಇಲ್ಲವೇ ಕಂದಿದ ಪ್ಲಾಸ್ಟಿಕ್ಕು.

ಒಳ್ಳೆಯ ಪಿಯಾನೋದಲ್ಲಿ ದಪ್ಪ ಹಿತ್ತಾಳೆ, ಕಾಂಟ್ಯಾಕ್ಟ್ ತುದಿಯಲ್ಲಿ ಬೆಳ್ಳಿ ಮಿಶ್ರಲೋಹದ ಬೊಟ್ಟು. 1 ಚದರ ಮಿಮೀ ತಂತಿಯಾದರೆ ಎಳೆಗಳನ್ನು ಹೊಸೆದು, ತುದಿ ಮಡಚಿ ಇಮ್ಮಡಿ ಮಾಡಿ ಹಾಕಿ. ಬಿಡಿ ಎಳೆಯನ್ನು ಸ್ಕ್ರೂ ಕತ್ತರಿಸಿಬಿಡುತ್ತದೆ. ತುದಿಗೆ ಬೆಸುಗೆ ಸೀಸ ಬಳಿಯಬೇಡಿ, ಒತ್ತಡಕ್ಕೆ ಅದು ನಿಧಾನ ಹರಿದು ಹಿಡಿತ ಬಿಡುತ್ತದೆ. ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಸ್ಕ್ರೂ ಬಿಗಿ ಮಾಡಿಸಿ.

ಮಾಡ್ಯುಲರಿನ ಟರ್ಮಿನಲ್ಲು ಇನ್ನೂ ಚೆನ್ನ, ಸುಳ್ಳು ಹೇಳುವುದಿಲ್ಲ. ತೊಂದರೆ ಬೇರೆ: ಒಂದು ಕೆಟ್ಟರೆ ಅದೇ ಸೀರೀಸಿನದೇ ಬೇಕು, ತಾಲ್ಲೂಕು ಪೇಟೆಯಲ್ಲಿ ಸಿಗದಿದ್ದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಬಸ್ಸು ಹತ್ತಬೇಕು. ಪಿಯಾನೋ ಹಳೇ ಬೋರ್ಡಿಗೂ ಕೂರುತ್ತದೆ. ಹೊಸ ಮನೆ, ಕೈಯಲ್ಲಿ ದುಡ್ಡು ಇದ್ದರೆ ಮಾಡ್ಯುಲರೇ ಹಾಕಿಸಿ.

ಕೊಳ್ಳುವಾಗ ಐಎಸ್‌ಐ ಚಿಹ್ನೆಯ ಜೊತೆ ಐಎಸ್ 3854 (ಸ್ವಿಚ್ಚುಗಳ ಮಾನದಂಡ) ಮತ್ತು ಸಿಎಂ/ಎಲ್ ನಂಬರ್ (ತಯಾರಕರ ಲೈಸೆನ್ಸ್ ನಂಬರ್) ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದೆಂದು ಬರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಮಿಣುಕುತ್ತಿದ್ದರೆ ಸ್ವಿಚ್ಚು ಫೇಸ್ ತಂತಿಯ ಬದಲು ಕರೆಂಟು ಮರಳುವ ನ್ಯೂಟ್ರಲ್‌ನಲ್ಲಿದೆಯೇ ಎಂದು ಮೊದಲು ನೋಡಿಸಿ. ಬೋರ್ಡಿರುವುದು ಮಳೆ ಹೊಡೆಯುವ ಪಡುವಣ ಗೋಡೆಗಾದರೆ, ಯಾವ ಸ್ವಿಚ್ಚು ತಂದರೂ ಮೊದಲು ಬೋರ್ಡನ್ನು ಒಳಗೋಡೆಗೆ ಸ್ಥಳಾಂತರಿಸಿ.