ಕ್ಯಾಸೆಟ್ ಎಂಪಿ3 ಮಾಡುವ ಡಬ್ಬಿ: ಹಾಡಿಗೆ ಬೇಡ, ಮಾತಿಗೆ ಸಾಕು

ಹಳೇ ಕ್ಯಾಸೆಟ್ ಹಾಕಿದರೆ ಎಂಪಿ3 ಮಾಡಿ ಕೊಡುವ ಸಣ್ಣ ಡಬ್ಬಿಯೊಂದು ಆನ್‌ಲೈನಿನಲ್ಲಿ ಸಿಗುತ್ತದೆ, ನೀವೂ ನೋಡಿರಬಹುದು. ವಾಕ್‌ಮನ್ ತರಹವೇ ಇದೆ, ಪಕ್ಕದಲ್ಲಿ ಯುಎಸ್‌ಬಿ ವಯರ್ ಸಿಕ್ಕಿಸಲು ಒಂದು ತೂತು. ಒಂದೇ ಡಬ್ಬಿಗೆ ಬೇರೆ ಬೇರೆ ಹೆಸರು ಅಂಟಿಸಿ ಮಾರುತ್ತಾರೆ, ಹಾಗಾಗಿ ನನ್ನದು ಯಾವ ಕಂಪನಿಯದ್ದು ಅಂತ ಹೇಳಿ ಪ್ರಯೋಜನವಿಲ್ಲ. ಎರಡು ಸಾವಿರದೊಳಗೆ ಬಂತು. ಕೊರಿಯರಿನವರು ನಮ್ಮ ಮನೆಯವರೆಗೆ ಬರುವುದಿಲ್ಲ, ಪೆರ್ಲ ಪೇಟೆಗೆ ಹೋಗಿ ತಂದೆ.

ಹಾಡು ಕೇಳುವ ಆಸೆಯಿಂದ ತೆಗೆದುಕೊಳ್ಳುವುದಾದರೆ ಬೇಡ. ಮೋಟಾರಿನ ಗುಂಯ್ ಎನ್ನುವ ಸದ್ದು ಹಾಡಿನ ಒಳಗೇ ಬರುತ್ತದೆ. ಎಡಗಡೆ ಸ್ವರ ಜಾಸ್ತಿ, ಬಲಗಡೆ ಕಡಿಮೆ. ಟೇಪು ಓದುವ ಹೆಡ್ಡು ಸ್ವಲ್ಪ ವಾರೆ ಕೂತಿರುವುದರಿಂದ ತಾಳ, ಬಳೆ, ಗೆಜ್ಜೆಯಂಥ ಚೂಪು ಸದ್ದೆಲ್ಲ ಕಂಬಳಿ ಹೊದ್ದು ಮಲಗಿದ ಹಾಗೆ ಕೇಳುತ್ತದೆ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಆದರೆ ಪ್ಲಾಸ್ಟಿಕ್ಕು ಎಷ್ಟು ತೆಳುವೆಂದರೆ ಮುಚ್ಚಳ ಹಾಕಿದ ಕೂಡಲೇ ಮತ್ತೆ ಹಳೇ ಕಥೆ. ಅದಲ್ಲದೆ ನಮ್ಮಲ್ಲಿದ್ದ ಹಾಡಿನ ಕ್ಯಾಸೆಟ್ ಹೆಚ್ಚಿನವು ಕಾಸರಗೋಡು ಬಸ್‌ಸ್ಟ್ಯಾಂಡಿನ ಹತ್ತಿರ ತುಂಬಿಸಿದವು. ಕಾಗದದಲ್ಲಿ ಪಟ್ಟಿ ಬರೆದು ಕೊಡುವುದು, ಎ ಬದಿಗೆ ಕನ್ನಡ, ಬಿ ಬದಿಗೆ ಮಲಯಾಳ, ಕೊನೆಯ ಹಾಡು ಅರ್ಧದಲ್ಲಿ ಟಕ್ ಅಂತ ಖತಂ. ಆ ಹಾಡುಗಳೆಲ್ಲ ಈಗ ಮೊಬೈಲಿನಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಸಿಗುತ್ತವೆ. ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ (ಪಾತ್ರದ ಮಾತು) ಇರುವ ಅಂಗಡಿಯ ಕ್ಯಾಸೆಟ್ಟುಗಳು ಹತ್ತಿರದ ಎಲ್ಲ ಮನೆಯಲ್ಲೂ ಇದ್ದವು ನೋಡಿ, ಅವರ ಅರ್ಥವನ್ನೂ ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಏರಿಸಿದ್ದಾರೆ. ಅದಕ್ಕೆಲ್ಲ ದುಡ್ಡು ಹಾಕಬೇಕಾಗಿಲ್ಲ.

ಯಾವ ಯೂಟ್ಯೂಬಿನಲ್ಲೂ ಸಿಗದೇ ಇರುವುದು ಮನೆಯಲ್ಲಿ ತುಂಬಿಸಿದ ಮಾತು. ಈ ಡಬ್ಬಿ ಅದಕ್ಕೇ ಸರಿ.

ಜೀವನದಲ್ಲಿ ಇಷ್ಟದ ಕಾಲ ಯಾವುದು ಅಂತ ಯಾರು ಕೇಳಿದರೂ ನಾನು ಹೇಳುವುದು 1990ರಿಂದ 2000. ಶಾಲೆಯಿಂದ ಕಾಲೇಜು, ಅಲ್ಲಿಂದ ಮೊದಲ ಕೆಲಸ, ಎಲ್ಲ ಆ ಹತ್ತು ವರ್ಷದಲ್ಲೇ. ಅಜ್ಜಿ ಇದ್ದರು, ಚಿಕ್ಕಪ್ಪಂದಿರು ಪಾಲಾಗಿರಲಿಲ್ಲ, ಊಟಕ್ಕೆ ಎರಡು ಪಂಕ್ತಿ ಆಗುವಷ್ಟು ಜನ. ಫೋಟೋ ತೆಗೆಯುವುದು ಮದುವೆ-ಉಪನಯನಕ್ಕೆ ಮಾತ್ರ, ಅದರಲ್ಲಿ ಎಲ್ಲರೂ ಕಂಬದ ಹಾಗೆ ನಿಂತಿರುತ್ತಾರೆ. ಆದರೆ ಟೇಪ್ ರೆಕಾರ್ಡರ್ ಮಾತ್ರ ಸುಮ್ನೆ ಓಡುತ್ತಿತ್ತು, ಅದರ ಎದುರು ಯಾರೂ ಸೆಟೆದು ನಿಂತದ್ದಿಲ್ಲ. ನಿಜ ಹೇಳಬೇಕೆಂದರೆ ಅದು ನಮ್ಮದೂ ಅಲ್ಲ. ನೆರೆಮನೆಯ ಇಚ್ಚ (ನಮ್ಮ ಕಡೆ ಮುಸ್ಲಿಂ ಮನೆಗಳಲ್ಲಿ ಅಣ್ಣನಿಗೆ ಹೇಳುವುದು) ಗಲ್ಫಿನಿಂದ ತಂದ ಟೂ ಇನ್ ಒನ್, ರೇಡಿಯೋ ಮತ್ತು ಟೇಪ್ ಒಟ್ಟಿಗೆ ಇರುವುದು. ಅವರು ರಜೆ ಮುಗಿಸಿ ಹೋದ ಮೇಲೆ ಅದು ಅವರ ಜಗಲಿಗಿಂತ ಜಾಸ್ತಿ ನಮ್ಮ ಜಗಲಿಯಲ್ಲೇ ಇರುತ್ತಿತ್ತು. ಕಾಸರಗೋಡಿನ ಹಳ್ಳಿಗಳಿಗೆ ಟೇಪ್ ರೆಕಾರ್ಡರ್ ಬಂದದ್ದೇ ಹೆಚ್ಚಾಗಿ ಗಲ್ಫಿನ ಪೆಟ್ಟಿಗೆಯಲ್ಲಿ ಅಲ್ವಾ.

ಈಗ ಕ್ಯಾಸೆಟ್ಟಿನ ಸ್ಥಿತಿ ಕೇಳಿ. ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬದಲ್ಲಿದ್ದವು, ನಮ್ಮ ಮಳೆಗಾಲ ಗೊತ್ತಲ್ಲ, ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು. ಅಂಥದ್ದನ್ನು ಹಾಗೇ ಹಾಕಿದರೆ ಬೂಸ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒಂದೆರಡು ಬಿಸಿಲು ಕಾಣಿಸುತ್ತೇನೆ ಅಂತ ಅಡಿಕೆಯ ಜತೆ ಅಂಗಳದಲ್ಲಿ ಒಣಗಿಸಲು ಹೋಗಬೇಡಿ, ಟೇಪು ಸುರುಟಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಹಗುರಕ್ಕೆ ಒರೆಸಿ, ಪೂರ್ತಿ ಮುಂದೆ ಓಡಿಸಿ ಮತ್ತೆ ಹಿಂದೆ ಸುತ್ತಿ, ಆಮೇಲೆ ಹಾಕಿ. ಹೆಡ್ಡನ್ನು ಮೆಡಿಕಲಿನಲ್ಲಿ ಸಿಗುವ ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಬೇಕು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಸ್ಪಂಜಿನ ತುಂಡು ಇರುತ್ತದೆ, ಅದು ಅಂಟು ಬಿಟ್ಟು ಉದುರಿದ್ದರೆ ಸ್ವರ ಬಂದು ಹೋಗಿ ಮಾಡುತ್ತದೆ. ಬೇರೆ ಕೆಲಸಕ್ಕೆ ಬಾರದ ಕ್ಯಾಸೆಟ್ಟಿನ ಸ್ಪಂಜು ತೆಗೆದು ಅಂಟಿಸಿದರೆ ಸರಿಯಾಗುತ್ತದೆ.

ಇನ್ನು ಡಬ್ಬಿಯ ಜತೆ ಬರುವ ಸಿಡಿ. ಕಸದ ಬುಟ್ಟಿಗೆ ಹಾಕಿ, ಈಗಿನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಅಡಾಸಿಟಿ ಎನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದೇ ಸಾಕು. ಸೀ-90 ಕ್ಯಾಸೆಟ್ ಅಂದರೆ 90 ನಿಮಿಷ ಓಡಲೇಬೇಕು, ಬೇಗ ಮಾಡುವ ದಾರಿ ಇಲ್ಲ. 128 ಕೆಬಿಪಿಎಸ್‌ನಲ್ಲಿ ಎಂಪಿ3 ಮಾಡಿದರೆ ಸುಮಾರು 86 ಎಂಬಿ ಆಗುತ್ತದೆ. ವೇವ್ ಫೈಲ್ ಆಗಿ ಇಟ್ಟರೆ 950 ಎಂಬಿಯಷ್ಟು. ಮನೆಯ ಮಾತಿಗೆ ಸ್ಟೀರಿಯೋ ಯಾಕೆ, ಮೋನೋ ಮಾಡಿ ವೇವ್ ಇಡಿ, ಅರ್ಧಕ್ಕೆ ಇಳಿಯುತ್ತದೆ.

ಒಂದು ತಮಾಷೆ ಹೇಳಬೇಕು. ನಮ್ಮೂರ ದೇವಸ್ಥಾನದಲ್ಲಿ ಆದ ತಾಳಮದ್ದಳೆಯ ಕ್ಯಾಸೆಟ್ಟೊಂದಿದೆ, ಭೀಷ್ಮ-ಪರಶುರಾಮರ ವಾದ. ಕರೆಂಟಿಲ್ಲದ ಕಾರಣ ಚಿಕ್ಕಪ್ಪ ಸೆಲ್ ಹಾಕಿ ತುಂಬಿಸಿದ್ದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸೆಲ್ ಇಳಿಯುತ್ತಾ ಹೋದ ಹಾಗೆ ಆವತ್ತು ಟೇಪು ನಿಧಾನ ಓಡಿದೆ, ಈಗ ಸರಿಯಾದ ವೇಗದಲ್ಲಿ ಹಾಕಿದಾಗ ಆ ಭಾಗವೆಲ್ಲ ಗಡಿಬಿಡಿಯಲ್ಲಿ ಬರುತ್ತದೆ. ಭೀಷ್ಮನ ಸ್ವರ ಶುರುವಿಗೆ ಗಂಭೀರ, ಬಿ ಬದಿ ಮುಗಿಯುವಾಗ ಅಂಬೆಯ ಸ್ವರಕ್ಕೆ ಏರಿದೆ. ಪರಶುರಾಮನಂತೂ ಪ್ರೈಮರಿ ಶಾಲೆಯ ಹುಡುಗ. ಅಮ್ಮ ಸೆರಗು ಬಾಯಿಗೆ ಒತ್ತಿ ನಕ್ಕದ್ದೇ ನಕ್ಕದ್ದು. ಅಡಾಸಿಟಿಯಲ್ಲಿ ಸ್ಲೈಡಿಂಗ್ ಸ್ಟ್ರೆಚ್ ಅಂತ ಒಂದಿದೆ, ಶುರುವಿನಲ್ಲಿ ಇಷ್ಟು, ಕೊನೆಯಲ್ಲಿ ಇಷ್ಟು ಅಂತ ಕೊಟ್ಟರೆ ಮೆಲ್ಲ ಮೆಲ್ಲ ಇಳಿಸಿಕೊಂಡು ಬರುತ್ತದೆ. ಅದರಲ್ಲಿ ಭೀಷ್ಮನ ಮರ್ಯಾದೆ ಉಳಿಯಿತು. ಅಮ್ಮನಿಗೆ ಮಾತ್ರ ಹಳೆಯದೇ ಬೇಕಂತೆ, ಅದನ್ನೂ ಇಟ್ಟಿದ್ದೇನೆ.

ಹೆಚ್ಚಿನ ಕ್ಯಾಸೆಟ್ಟಿಗೆ ತಾರೀಕು ಬರೆದಿಲ್ಲ. ಹಿಂದಿನಿಂದ ಬರುವ ಸದ್ದು ಕೇಳಿಯೇ ವರ್ಷ ಹಿಡಿಯಬೇಕು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುತ್ತಿದ್ದರೆ ಒಂದೆರಡು ಹೆಸರು ಕೇಳಿದರೆ ಸಾಕು, ಮುಖ್ಯಮಂತ್ರಿ ಯಾರು ಅಂತ ಗೊತ್ತಾಗುತ್ತದೆ. ಫೋನಿನ ಗಂಟೆ ಬಂದರೆ ಲೈನ್ ಸಿಕ್ಕಿದ ಮೇಲಿನದ್ದು. ಮುಂಬೈಯ ಮಾವನ ಸ್ವರ ಅಡಿಕೆ ಸುಲಿಯುವ ಸೀಸನ್ನಿನಲ್ಲಿ ಕೇಳಿದರೆ ಅದು 1998ರ ನಂತರದ್ದೇ, ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆಯೇ ಅವರು ಬೇಸಿಗೆ ರಜೆ ಬಿಟ್ಟು ಬೇರೆ ಸಮಯದಲ್ಲೂ ಬರತೊಡಗಿದ್ದು.

ಇಲ್ಲಿಗೆ ಬಂದಾಗ ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಕಲಿಸುವವರೆಲ್ಲ ಮೊದಲು ಹೇಳುವುದು ನಾಯ್ಸ್ ರಿಡಕ್ಷನ್ ಹಾಕಿ ಅಂತ. ಯಾರೂ ಮಾತಾಡದ ಒಂದು ತುಂಡು ತೋರಿಸಿದರೆ ಸಾಫ್ಟ್‌ವೇರ್ ಆ ಗೊರಗೊರ ಸದ್ದನ್ನು ಗುರುತಿಟ್ಟುಕೊಂಡು ಇಡೀ ಫೈಲಿನಿಂದ ಕಳೆಯುತ್ತದೆ. ಮಾತು ಸ್ವಚ್ಛವಾಗುತ್ತದೆ, ಹೌದು. ನಾನು ತಂಗಿಗೆ ಬೆಂಗಳೂರಿಗೆ ಒಂದೇ ಕ್ಯಾಸೆಟ್ಟಿನ ಎರಡು ಫೈಲ್ ಕಳಿಸಿದ್ದೆ, ಸ್ವಚ್ಛ ಮಾಡಿದ್ದು ಮತ್ತು ಮಾಡದ್ದು. ಅವಳು ಚಿಕ್ಕವಳಿದ್ದಾಗ ಪದ್ಯ ಹೇಳುವ ರೆಕಾರ್ಡು ಅದು. ಅವಳು ಕೂಡಲೇ ಫೋನ್ ಮಾಡಿದಳು. "ಅಣ್ಣ, ಎರಡನೆಯದರಲ್ಲಿ ಹಿಂದೆ ಕೇಳುವುದು ಹೆಲಿಕಾಪ್ಟರ್ ಅಲ್ವಾ?"

ಹೌದು, ಹೆಲಿಕಾಪ್ಟರೇ. ನಮ್ಮ ಎಣ್ಮಕಜೆ ಕಡೆ ಗೇರು ತೋಟಗಳಿಗೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಮಕ್ಕಳಿಗೆ ಅದು ಹಬ್ಬ. ಟೇಪಿನಲ್ಲಿ ಪದ್ಯ ಅರ್ಧಕ್ಕೆ ನಿಲ್ಲುತ್ತದೆ, "ಬಂತು, ಬಂತು" ಅಂತ ಯಾರೋ ಕಿರುಚುತ್ತಾರೆ, ಎಲ್ಲರೂ ಧಡಧಡ ಅಂತ ಅಂಗಳಕ್ಕೆ ಓಡುತ್ತಾರೆ, ಜಗಲಿಯಲ್ಲಿ ಟೇಪ್ ರೆಕಾರ್ಡರ್ ಒಂದೇ ಓಡುತ್ತಾ ಇರುತ್ತದೆ. ದೂರದಲ್ಲಿ ಅಜ್ಜಿಯ ಸ್ವರ: "ಬಾವಿಗೆ ಸೋಗೆ ಮುಚ್ಚಿ, ಮಕ್ಕಳೇ." ಸ್ವಚ್ಛ ಮಾಡಿದ ಫೈಲಿನಲ್ಲಿ ಅಜ್ಜಿ ಯಾಕೆ ಹಾಗೆ ಹೇಳುತ್ತಾರೆ ಅಂತ ಗೊತ್ತೇ ಆಗುವುದಿಲ್ಲ, ಸಾಫ್ಟ್‌ವೇರಿಗೆ ಹೆಲಿಕಾಪ್ಟರೂ ಒಂದು ಗೊರಗೊರ ಅಷ್ಟೇ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ನಿಷೇಧಿಸಿತು, 2017ರಲ್ಲಿ ಅದರಿಂದ ಆರೋಗ್ಯ ಕೆಟ್ಟ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಹೇಳಿತು. ನಮ್ಮ ಶಾಲೆಯಲ್ಲಿ ಒಟ್ಟಿಗೆ ಕೂತವರ ಮನೆಗಳಲ್ಲೇ ಸಂತ್ರಸ್ತರ ಪಟ್ಟಿಯಲ್ಲಿರುವವರಿದ್ದಾರೆ. ನನಗೆ ಆ ಹತ್ತು ವರ್ಷ ಈಗಲೂ ಇಷ್ಟವೇ, ಅದಕ್ಕೆ ನಾಯ್ಸ್ ರಿಡಕ್ಷನ್ ಹಾಕಲು ಮಾತ್ರ ಮನಸ್ಸಿಲ್ಲ. ನೀವೂ ಹಾಕುವುದಾದರೆ ಮೂಲ ಫೈಲ್ ಅಳಿಸಬೇಡಿ.

ಇನ್ನೊಂದು, ಹಳೇ ಕ್ಯಾಸೆಟ್ಟಿನ ಡಬ್ಬದಲ್ಲಿ ನಿಮ್ಮದಲ್ಲದ್ದೂ ಇರುತ್ತದೆ. ನಮ್ಮದರಲ್ಲಿ ನೆರೆಮನೆಯ ಇಚ್ಚ ದುಬೈಯಿಂದ ಕಳಿಸಿದ ಕ್ಯಾಸೆಟ್ಟೊಂದು ಸೇರಿಕೊಂಡಿತ್ತು. ಆಗ ಫೋನಿಗೆ ದುಡ್ಡು ಸುರಿಯಬೇಕಿತ್ತು, ಹಾಗಾಗಿ ಗಲ್ಫಿನವರು ಕಾಗದದ ಬದಲು ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಮೊದಲ ಸಲಾಂ ಕೇಳಿದ ಕೂಡಲೇ ಸ್ವರ ಪೂರ್ತಿ ಇಳಿಸಿದೆ, ಸ್ಕ್ರೀನಿನಲ್ಲಿ ಗೆರೆ ಏರಿಳಿಯುವುದು ಮಾತ್ರ ನೋಡುತ್ತಾ ಮುಗಿಸಿದೆ. ಫೈಲನ್ನು ಅವರ ಉಮ್ಮನ ಮೊಬೈಲಿಗೆ ಹಾಕಿ ಕೊಟ್ಟೆ. ಮರುದಿನ ತಟ್ಟೆ ತುಂಬ ಪತ್ತಿರಿ (ಅಕ್ಕಿ ರೊಟ್ಟಿ) ಬಂತು. ಈ ಡಬ್ಬಿಯಿಂದ ಆದ ದೊಡ್ಡ ಲಾಭ ಅದೇ.

ಬೇರೆ ದಾರಿ ಇಲ್ಲವಾ ಅಂದರೆ ಇದೆ. ಮನೆಯಲ್ಲಿ ಹಳೇ ಒಳ್ಳೆಯ ಟೇಪ್ ಡೆಕ್ ಇದ್ದರೆ ಅದರ ರಬ್ಬರ್ ಬೆಲ್ಟ್ ಬದಲಾಯಿಸಿ, ಹೆಚ್ಚಿನ ಸಲ ಹಾಳಾಗಿರುವುದು ಅದೇ, ಜೇನಿನಂತೆ ಅಂಟಾಗಿ ಕರಗಿರುತ್ತದೆ. ಮಂಗಳೂರಿನಲ್ಲಿ ಹುಡುಕಿದರೆ ಇಂಥದ್ದು ರಿಪೇರಿ ಮಾಡುವವರು ಈಗಲೂ ಸಿಗುತ್ತಾರೆ. ಅದರಿಂದ ಲ್ಯಾಪ್‌ಟಾಪಿಗೆ ವಯರ್ ಎಳೆಯಲು ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ, ಈಗಿನ ಹೆಚ್ಚಿನ ಲ್ಯಾಪ್‌ಟಾಪಿನ ತೂತು ಹೆಡ್‌ಫೋನಿಗೆ ಮತ್ತು ಅದರ ಮೈಕಿಗೆ ಮಾತ್ರ. ಸ್ವರ ಇದಕ್ಕಿಂತ ಚೆನ್ನಾಗಿ ಬರುತ್ತದೆ, ಖರ್ಚು ಮತ್ತು ಓಡಾಟ ಜಾಸ್ತಿ.

ನನ್ನ ಲೆಕ್ಕದಲ್ಲಿ ಡಬ್ಬಿಗೆ ಐದರಲ್ಲಿ ಮೂರು. ಮುಚ್ಚಳದ ಕೊಂಡಿ ಈಗಾಗಲೇ ಸಡಿಲ, ರಬ್ಬರ್ ಬ್ಯಾಂಡ್ ಹಾಕಿ ಓಡಿಸುತ್ತಿದ್ದೇನೆ. ಸೆಲ್ ಹಾಕಬೇಡಿ, ಲ್ಯಾಪ್‌ಟಾಪಿನ ಕರೆಂಟಿನಲ್ಲೇ ಓಡಿಸಿ, ಇಲ್ಲದಿದ್ದರೆ ಮತ್ತೆ ಭೀಷ್ಮನ ಗತಿ. ಹಳೇ ಡೆಕ್ಕಿನಲ್ಲಿ ಮಾಡುವುದಾದರೆ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಆಮೇಲೆ ಅದರ ಮೇಲೆ ಬೇರೇನೂ ತುಂಬಿಸಲು ಡೆಕ್ ಬಿಡುವುದಿಲ್ಲ. ಪ್ಲೇ ಬಟನಿನ ಪಕ್ಕದಲ್ಲೇ ರೆಕಾರ್ಡ್ ಮಾಡುವ ಕೆಂಪು ಬಟನ್ ಇರುತ್ತದೆ, ಮನೆಯಲ್ಲಿ ಮಕ್ಕಳೂ ಇರುತ್ತಾರೆ.