ಮಂಗಳೂರಿನ ಮಳೆಗಾಲದಲ್ಲಿ ಒಂದು ಎ6 ಸ್ಕೆಚ್ ಪುಸ್ತಕ

ಕೆಲಸ, ಮನೆ, ಬಸ್ಸುಗಳ ನಡುವೆ ದಿನಕ್ಕೊಂದು ಚಿತ್ರ ಬರೆಯಬೇಕೆನ್ನುವವರಿಗೆ ಪುಸ್ತಕದ ಅಳತೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಹಂಪನಕಟ್ಟೆಯಲ್ಲಿ ಕೊಂಡ ಈ ಪುಸ್ತಕ 105×148 ಮಿಲಿಮೀಟರಿನದು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹೊರಡುವುದರೊಳಗೆ ಒಂದು ಪುಟ ತುಂಬಿಬಿಡುತ್ತದೆ, ದೊಡ್ಡ ಹಾಳೆಯೆದುರು ಹುಟ್ಟುವ ಅಳುಕೂ ಇರುವುದಿಲ್ಲ.

140 ಜಿಎಸ್‌ಎಂ (ಚದರ ಮೀಟರಿಗೆ 140 ಗ್ರಾಂ ತೂಗುವ) ಕಾಗದ ಪೆನ್ಸಿಲಿಗೆ ಬಹಳ ಹಿತವಾಗಿದೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲೆಲ್ಲ ಹಬ್ಬಿದ ಕೆಂಪು ಮಾಡುಗಳ ಸಾಲುಸಾಲು ಗೆರೆಗಳನ್ನು ಇದರಲ್ಲಿ 2ಬಿ ಪೆನ್ಸಿಲಿನಿಂದ ಎಳೆಯುವುದೇ ಒಂದು ಸುಖ. ಆದರೆ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳಿನ, ತೇವಕ್ಕೆ ಹಾಳೆಯ ಅಂಚು ಅಲೆಯಲೆಯಾಗಿ ಏಳುತ್ತದೆ, ಆಗ ಸಾಮಾನ್ಯ ಫೌಂಟನ್ ಪೆನ್ನಿನ ಶಾಯಿ ನಾರಿನಗುಂಟ ಹರಡಿ ಮೀನು ಮಾರುವವರ ಬುಟ್ಟಿ ಮೋಡದಂತೆ ಕಾಣತೊಡಗುತ್ತದೆ. ಪಿಗ್ಮೆಂಟ್ ಶಾಯಿಯ (ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಶಾಯಿ) ಪೆನ್ನಾದರೆ ಈ ತೊಂದರೆ ಕಡಿಮೆ. ಜಲವರ್ಣಕ್ಕೆ ಇದು ಹೇಳಿದ್ದಲ್ಲ, ಅದಕ್ಕೆ 300 ಜಿಎಸ್‌ಎಂನಂಥ ದಪ್ಪ ಕಾಗದ ಒಳ್ಳೆಯದು.

ಹೊಲಿಗೆ ಗಟ್ಟಿಯಾಗಿದ್ದು, ಪುಸ್ತಕ ಪೂರ್ತಿ ಸಪಾಟಾಗಿ ತೆರೆದುಕೊಳ್ಳುತ್ತದೆ. ರಟ್ಟು ಮಾತ್ರ ಬೂಸ್ಟು ಹಿಡಿಯುವ ಜಾತಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯುವುದು ಒಳ್ಳೆಯದು.